ಹಾಡು ಯಾರ ಸೊತ್ತು?

ಕಳೆದ ವೈಶಾಖದಲ್ಲಿ ರೋಣದಲ್ಲಿ ಒಂದು ಮದುವೆ. ಅಕ್ಷತೆ ಬಿದ್ದಾಗಿತ್ತು; ಊಟದ ಪಂಕ್ತಿಗಳೂ ಎದ್ದಾಗಿತ್ತು. ಬೀಗರ ಬಸ್ಸು ಕಲ್ಯಾಣಮಂಟಪದ ಮುಂದೆ ಬಂದು ನಿಂತಿತ್ತು. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತು. ಧ್ವನಿವರ್ಧಕದ ಹುಡುಗ ಅದುವರೆಗೆ ಹಾಕಿದ್ದ ಸಿನಿಮಾ ಹಾಡನ್ನು ನಡುವೆಯೇ ನಿಲ್ಲಿಸಿ ಶಿಶುನಾಳ ಶರೀಫರ ‘ಅಳಬೇಡ ತಂಗಿ’ ಹಾಡನ್ನು ಹಚ್ಚಿದ. ಹಚ್ಚೆಂದು ಅವನಿಗೆ ಯಾರೂ ಹೇಳಿರಲಿಲ್ಲ; ಹೇಳಬೇಕಾಗಿಯೂ ಇರಲಿಲ್ಲ. ಬಾಸಿಂಗ, ಅರಿಷಿಣ, ಉಡಿಯಕ್ಕಿಗಳ ಹಾಗೆ ಆ ಹಾಡೂ ನಮ್ಮ ಕಡೆಯ ಮದುವೆಯ ಯಾದಿಯಲ್ಲಿ ಈಗ ಸೇರಿಹೋಗಿದೆ. ಹಾಡು ಮೊದಲಾದದ್ದೇ ತಡ, ಅಲ್ಲಿಯವರೆಗೆ ತಡೆದುಕೊಂಡಿದ್ದ ಹುಡುಗಿ ತಾಯಿಯ ಹೆಗಲ ಮೇಲೆ ಬಿದ್ದಳು. ಅವಳೊಡನೆ ಮನೆಯ ಹೆಂಗಸರು, ಅವರೊಡನೆ ನೆರೆಯವರು, ಕೊನೆಗೆ ಲೆಕ್ಕದ ಚೀಲ ಬಗಲಲ್ಲಿ ಹಿಡಿದು ನಿಂತಿದ್ದ ಸೋದರಮಾವನೂ ಅತ್ತ.

ನನ್ನ ಪಕ್ಕದಲ್ಲಿ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ನಿಂತಿದ್ದರು. ಹಳ್ಳಿಯ ಭಜನಾ ಮೇಳದಲ್ಲಿ ನಾಲ್ವತ್ತು ವರ್ಷ ತಾಳ ಹಿಡಿದವರು. ಅವರು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: “ಏನ್ರೀ ಮಾಸ್ತರ, ನೀವು ಕನ್ನಡಾ ಕಲಿಸಾವ್ರು. ಇದು ಮದುವಿ ಹಾಡೇನ್ರಿ? ನಾವು ಇದನ್ನ ಹೆಣದ ಮುಂದ ಕುಂತು ಹಾಡಿದವ್ರು.”

ನಾನು ನಕ್ಕು ಸುಮ್ಮನಾದೆ. ಬಸ್ಸು ಹೊರಟುಹೋಯಿತು. ಆದರೆ ಮುದುಕರ ಪ್ರಶ್ನೆ ಮಾತ್ರ ನನ್ನ ಸಂಗಡ ಮನೆಗೆ ಬಂತು. ಒಂದು ಅರ್ಥವನ್ನು ಮನಸ್ಸಿನಲ್ಲಿಟ್ಟು ಒಬ್ಬ ಹಾಡು ಕಟ್ಟುತ್ತಾನೆ. ಜನ ಅದನ್ನು ಬೇರೊಂದು ಅರ್ಥಕ್ಕೆ ಎತ್ತಿಕೊಂಡು, ಕಟ್ಟಿದವನು ಕನಸಿನಲ್ಲಿಯೂ ಎಣಿಸಿರದಷ್ಟು ಪ್ರೀತಿಯಿಂದ ಹಾಡುತ್ತಾರೆ. ಇದು ಹಾಡಿನ ಭಾಗ್ಯವೋ, ಅದಕ್ಕಾದ ಅಪಚಾರವೋ? ಹಾಡು ಯಾರ ಸೊತ್ತು?

ಮೊದಲು ಹಾಡಿನ ಕಥೆಯನ್ನಷ್ಟು ನೋಡೋಣ. ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ. ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿ ಬಿಟ್ಟರು. ಕಳಸದ ಗೋವಿಂದಭಟ್ಟರಿಗೆ ಶಿಷ್ಯರಾದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಇಬ್ಬರನ್ನೂ ಅವರವರ ಕೇರಿಯ ಜನ ಆಡಿಕೊಂಡರು. 1889ರಲ್ಲಿ ಶರೀಫರು ತೀರಿಕೊಂಡರು. ಅವರು ಕವಿಯೆಂದು ಪುಸ್ತಕ ಬರೆದು ಕುಳಿತವರಲ್ಲ. ಕಂಡದ್ದರ ಮೇಲೆ ಕಂಡಲ್ಲಿಯೇ ಹಾಡು ಕಟ್ಟಿದರು. ಸೋರುವ ಮಾಳಿಗೆ, ಗುಡುಗುಡಿ, ತಂಬೂರಿ, ಕೋಳಿ, ಎಲ್ಲವೂ ಅವರಿಗೆ ಹಾಡಾಯಿತು. ಆ ಹಾಡುಗಳು ಏಕತಾರಿ, ದಮ್ಮಡಿ, ತಾಳಗಳ ಜೊತೆಯಲ್ಲಿ ಭಜನಾ ಮೇಳದವರ ಬಾಯಿಂದ ಬಾಯಿಗೆ ದಾಟುತ್ತ ಬಂದವು.

ಆಮೇಲೆ ಆದದ್ದು ಯಾರೂ ನಿರೀಕ್ಷಿಸಿದ್ದಲ್ಲ. ಬೆಂಗಳೂರಿನ ಸಿ. ಅಶ್ವತ್ಥರು ಈ ಪದಗಳಿಗೆ ಹೊಸ ಧಾಟಿ ಕೊಟ್ಟು ಹಾಡಿದರು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು. ಕ್ಯಾಸೆಟ್ಟುಗಳು ಕಿರಾಣಿ ಅಂಗಡಿಗಳಲ್ಲಿಯೂ ಬಂದು ಕುಳಿತವು. ಆಗ ನಾನು ಹನ್ನೊಂದು ವರ್ಷದ ಹುಡುಗ. ಗಜೇಂದ್ರಗಡದ ಸಂತೆಯಲ್ಲಿ ಉಳ್ಳಾಗಡ್ಡಿಯ ರಾಶಿಗಳ ನಡುವೆ ಈ ಹಾಡು ಕೇಳಿಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಮುಂದೆ 2008ರಲ್ಲಿ ರಘು ದೀಕ್ಷಿತರು ಗಿಟಾರಿನೊಡನೆ ಗುಡುಗುಡಿಯ ಪದವನ್ನು ಹಾಡಿದರು. ಕನ್ನಡದ ಗಂಧವಿಲ್ಲದ ತರುಣರೂ ಅದಕ್ಕೆ ಕುಣಿದರು. ಸತ್ತು ನೂರು ವರ್ಷವಾದ ಮೇಲೆ ಒಬ್ಬ ಹಾಡುಗಾರ ಹೀಗೆ ಮನೆಮಾತಾದದ್ದು ಅಪರೂಪವೇ ಸರಿ.

ಈ ಹಾಡುಗಳಲ್ಲಿ ‘ಅಳಬೇಡ ತಂಗಿ’ಯ ದಾರಿ ಮಾತ್ರ ತುಸು ಬೇರೆ. ಮೇಲುನೋಟಕ್ಕೆ ಅದು ಗಂಡನ ಮನೆಗೆ ಹೊರಟ ಹುಡುಗಿಯ ಚಿತ್ರ. ಉಡಿಯಕ್ಕಿಯಿದೆ, ರೇಶ್ಮೆಯ ಸೀರೆಯಿದೆ, ಕಳಿಸಲು ನೆರೆದ ಮಂದಿಯಿದ್ದಾರೆ. ಒಳಗಣ್ಣಿನಿಂದ ನೋಡಿದವರಿಗೆ ತಂಗಿಯೆಂದರೆ ಜೀವ. ತವರೆಂದರೆ ಈ ಲೋಕ. ಗಂಡನ ಮನೆಯೆಂದರೆ ತಿರುಗಿ ಬರಲಾಗದ ಆ ಮನೆ. ಕೆಲವರು ಅದನ್ನು ಸಾವಿನ ಪದವೆನ್ನುತ್ತಾರೆ, ಕೆಲವರು ಗುರುವಿನ ಕಡೆಗೆ ನಡೆದ ಸಾಧಕನ ಪದವೆನ್ನುತ್ತಾರೆ. ಎರಡರಲ್ಲಿ ಯಾವುದಾದರೂ ಇದು ಬಾಲ್ಯ ಮುಗಿದ ಗಳಿಗೆಯ ಹಾಡು. ಒಂದು ಹೊಸ್ತಿಲನ್ನು ದಾಟಿದ ಮೇಲೆ ಮನುಷ್ಯ ಮೊದಲಿನವನಾಗಿ ಉಳಿಯುವುದಿಲ್ಲವೆಂಬ ತಿಳಿವಳಿಕೆ ಅದರ ಬೆನ್ನೆಲುಬು. ಮದುವೆ, ದೀಕ್ಷೆ, ಸಾವು, ಮೂರೂ ಅಂಥ ಹೊಸ್ತಿಲುಗಳೇ.

ಹಾಗಾದರೆ ಮುಖ್ಯಾಧ್ಯಾಪಕರ ಆಕ್ಷೇಪ ನ್ಯಾಯವಾದದ್ದೇ? ಕನ್ನಡ ಎಂ.ಎ. ಮಾಡಿದವನಿಗೆ ಇಂಥ ಕಡೆ ಒಂದು ಚಾಪಲ್ಯವಿರುತ್ತದೆ. ಜನಕ್ಕೆ ಗೊತ್ತಿಲ್ಲದ ಅರ್ಥ ತನಗೆ ಗೊತ್ತಿದೆಯೆಂದು ಹೇಳಿಕೊಳ್ಳುವುದರಲ್ಲಿ ಅವನಿಗೆ ಹೋಳಿಗೆ ಉಂಡ ಸುಖ. ನಾನೂ ತರಗತಿಯಲ್ಲಿ ಎಷ್ಟೋ ಸಲ, “ನೀವು ತಿಳಿದಂತೆ ಇದು ಮದುವೆಯ ಹಾಡಲ್ಲ” ಎಂದು ಶುರುಮಾಡಿದ್ದೇನೆ. ಮುಂದಿನ ಬೆಂಚಿನ ಹುಡುಗಿಯರು ಪಾಪ ಬರೆದುಕೊಂಡಿದ್ದಾರೆ. ಈಗ ಯೋಚಿಸಿದರೆ ಆ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇತ್ತೆಂದು ತೋರುತ್ತದೆ.

ಏಕೆಂದರೆ ಶರೀಫರು ಆ ಚಿತ್ರವನ್ನು ತಂದದ್ದಾದರೂ ಎಲ್ಲಿಂದ? ತವರು ಬಿಡುವ ಹೆಣ್ಣಿನ ಕಣ್ಣೀರು ಯಾವ ಶಾಸ್ತ್ರಗ್ರಂಥದ್ದೂ ಅಲ್ಲ. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಹೆಣ್ಣುಮಕ್ಕಳು ಎಷ್ಟೋ ತಲೆಮಾರಿನಿಂದ ಅದನ್ನು ಹಾಡುತ್ತಲೇ ಬಂದಿದ್ದರು. ವಿಜಾಪುರದ ಕಡೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಅಂಥ ತ್ರಿಪದಿಗಳನ್ನು ಅಚ್ಚುಹಾಕಿದಾಗ, ನಗರದ ವಿದ್ವಾಂಸರು ಬೆರಗಾಗಿ ನೋಡಿದರು. ತವರಿನ ಹಂಬಲ ಅಲ್ಲಿ ಪುಟಪುಟದಲ್ಲಿದೆ. ಆ ಗರತಿಯರಿಗೆ ತಮ್ಮ ತವರು ಜೀವಾತ್ಮನ ಸಂಕೇತವೇನೂ ಆಗಿರಲಿಲ್ಲ. ಅದು ಅವ್ವ ಇದ್ದ ಮನೆ, ಅಷ್ಟೆ.

ಶರೀಫರು ಅವರ ಕಣ್ಣೀರನ್ನು ಕಡ ತಂದು ಅದರಲ್ಲಿ ತತ್ತ್ವದ ದೀಪ ಹಚ್ಚಿದರು. ಇಂದು ಮದುವೆಯ ಮನೆಯ ಹೆಂಗಸರು ಆ ಹಾಡನ್ನು ತಮ್ಮದೆಂದು ಎತ್ತಿಕೊಂಡರೆ, ಅರ್ಥ ತಿಳಿಯದೆ ಕೆಡಿಸಿದರೆಂದು ಹೇಗೆ ಹೇಳೋಣ? ಕೊಟ್ಟ ಕಡವನ್ನು ಅವರು ಬಡ್ಡಿಯೊಂದಿಗೆ ಹಿಂದಕ್ಕೆ ಪಡೆದರೆಂದು ಹೇಳುವುದೇ ಹೆಚ್ಚು ಸರಿ. ಸೀರೆ, ಉಡಿಯಕ್ಕಿಗಳು ಬರಿಯ ಸಂಕೇತಗಳಾಗಿದ್ದರೆ ಶರೀಫರು ಅವನ್ನು ಅಷ್ಟು ಅಕ್ಕರೆಯಿಂದ ಹೆಸರಿಸುತ್ತಿರಲಿಲ್ಲ. ಹೊರಗಿನ ಅರ್ಥ ಸುಳ್ಳಾದರೆ ಒಳಗಿನದೂ ನಿಲ್ಲುವುದಿಲ್ಲ. ಮಗಳನ್ನು ಕಳಿಸಿ ಅಳದವನಿಗೆ ಜೀವ ಹೋಗುವ ಮಾತು ಹೇಳಿ ಏನು ಪ್ರಯೋಜನ?

ಅರ್ಥ ಬದಲಾಗಿ ಕೇಳಿದ ಮಾತ್ರಕ್ಕೆ ಹಾಡು ಹಾಳಾಗುವುದಿಲ್ಲವೆಂಬುದಕ್ಕೆ ನಮ್ಮ ರೋಣದಲ್ಲಿಯೇ ಒಂದು ನಿದರ್ಶನವಿದೆ. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ರೋಣದಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಅವರು ಅಬ್ದುಲ್ ಕರೀಮ್ ಖಾನರ ಒಂದು ಠುಮ್ರಿಯನ್ನು ಗ್ರಾಮಫೋನಿನಲ್ಲಿ ಕೇಳಿದರು. ಝಿಂಝೋಟಿಯ ಆ ಠುಮ್ರಿ ನಲ್ಲನಿಲ್ಲದೆ ತಳಮಳಿಸುವ ಹೆಣ್ಣಿನ ಮಾತು. ಮೂರು ನಿಮಿಷದ ತಟ್ಟೆ. ಹುಡುಗನಿಗೆ ವಿರಹ ತಿಳಿಯುವ ವಯಸ್ಸಲ್ಲ. ಆದರೂ ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದರು. ಗ್ವಾಲಿಯರು, ಜಾಲಂಧರವೆಂದು ಅಲೆದು, ಕೊನೆಗೆ ಗುರು ಸಿಕ್ಕದ್ದು ಇಲ್ಲಿಯೇ ಸಮೀಪದ ಕುಂದಗೋಳದಲ್ಲಿ, ಆ ಖಾನಸಾಹೇಬರದೇ ಶಿಷ್ಯರಾದ ಸವಾಯಿ ಗಂಧರ್ವರು. ಶರೀಫರ ಗುರುವಿನ ಊರಾದ ಕಳಸವೂ ಕುಂದಗೋಳದ ಸೀಮೆಯದೇ ಎಂಬುದು ಆಕಸ್ಮಿಕವಿದ್ದೀತು. ಆದರೂ ನೆನೆದರೆ ಸಂತೋಷವಾಗುತ್ತದೆ. ಖಾನಸಾಹೇಬರು ಆ ತಟ್ಟೆಗೆ ಹಾಡುವಾಗ ಗದಗಿನ ಕಡೆಯ ಒಬ್ಬ ಹುಡುಗ ಮನೆ ಬಿಡಲೆಂದು ಹಾಡಿದ್ದರೆ? ವಿರಹದ ಹಾಡನ್ನು ಹುಡುಗ ಪ್ರಯಾಣದ ಹಾಡಾಗಿ ಕೇಳಿದ. ಆ ಕೇಳ್ಮೆಯಿಂದ ದೇಶಕ್ಕೆ ಒಬ್ಬ ಗಾಯಕ ದೊರೆತ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಈ ಲೇಖನ ಸುಖವಾಗಿ ಮುಗಿಯುತ್ತಿತ್ತು. ಹಾಡು ಎಲ್ಲರ ಸೊತ್ತು, ಯಾರು ಹೇಗೆ ಬೇಕಾದರೂ ಹಾಡಲಿ ಎಂದು ಉದಾರವಾಗಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಭೀಮಸೇನರ ಹೆಸರು ಬಂದೊಡನೆ ಇನ್ನೊಂದು ಮಾತು ಮನಸ್ಸನ್ನು ಚುಚ್ಚುತ್ತದೆ. ಆ ಹುಡುಗ ಮನೆ ಬಿಟ್ಟಾಗ ಯಾರೂ ಕಳಿಸಲು ಬಂದಿರಲಿಲ್ಲ. ಅವನಿಗೆ ಅಳಬೇಡವೆಂದು ಯಾರೂ ಹಾಡಲಿಲ್ಲ. ತಾನೇ ಹೊರಟವನಿಗೆ ಅದರ ಅಗತ್ಯವೂ ಇರಲಿಲ್ಲ. ಗಂಡುಹುಡುಗ ಹೊಸ್ತಿಲನ್ನು ದಾಟುತ್ತಾನೆ, ಹೆಣ್ಣುಹುಡುಗಿಯನ್ನು ದಾಟಿಸುತ್ತಾರೆ. ದಾಟಿಸುವಾಗ ಹಾಡು ಬೇಕಾಗುತ್ತದೆ. ಆ ಹಾಡು ಯಾರ ಸಲುವಾಗಿ? ಹೋಗುವವಳ ಸಲುವಾಗಿಯೋ, ಕಳಿಸುವವರ ಸಲುವಾಗಿಯೋ?

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲವಾದ್ದರಿಂದ ಮನೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕಾಗಿದೆ. 2002ರಲ್ಲಿ ನನ್ನ ತಂಗಿಯ ಮದುವೆಯಾಯಿತು. ಅವಳು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಒಳ್ಳೆಯ ಸಂಬಂಧ, ನರಗುಂದದ ಮನೆತನ, ಮಲಪ್ರಭೆಯ ಕಾಲುವೆಯ ನೀರು ಹರಿಯುವ ಹೊಲ. ಬಂದ ಸಂಬಂಧವನ್ನು ಬಿಡಬಾರದೆಂದು ಹಿರಿಯರು ಅವಸರ ಮಾಡಿದರು. ಪರೀಕ್ಷೆಯನ್ನು ಆಮೇಲೆ ಬರೆದರಾಯಿತೆಂದು ಎರಡೂ ಕಡೆಯವರು ಹೇಳಿದರು. ಯಾರ ಮನಸ್ಸಿನಲ್ಲಿಯೂ ಕೆಟ್ಟದ್ದಿರಲಿಲ್ಲ. ನಾನು ಆಗಷ್ಟೇ ಎಂ.ಎ. ಮುಗಿಸಿದ್ದೆ. ಕಂಠ ಚೆನ್ನಾಗಿದೆಯೆಂದು ನಾಲ್ಕು ಜನ ಹೊಗಳಿ ನನ್ನನ್ನು ಕೆಡಿಸಿದ್ದ ಕಾಲವದು. ತಂಗಿಯನ್ನು ಕಳಿಸುವ ಹೊತ್ತಿಗೆ ಗೆಳೆಯನೊಬ್ಬ ಹಾರ್ಮೋನಿಯಂ ತಂದ. ನಾನು ಧ್ವನಿವರ್ಧಕದ ಮುಂದೆ ನಿಂತು ಅದೇ ಹಾಡನ್ನು ಹಾಡಿದೆ. ಮಂಟಪವೆಲ್ಲ ಅತ್ತಿತು. ಅಪ್ಪ ನನ್ನ ಬೆನ್ನು ತಟ್ಟಿದರು. ಎಷ್ಟೋ ವರ್ಷ ಜನ ಆ ಹಾಡನ್ನು ನೆನೆಸಿ ಮಾತಾಡಿದರು. ನನ್ನ ಜೀವಮಾನದಲ್ಲಿ ಅಂಥ ಯಶಸ್ಸು ಮತ್ತೊಂದಿಲ್ಲ.

ಪರೀಕ್ಷೆಯ ಮಾತು ಆ ಬೇಸಿಗೆಯಲ್ಲಿ ನಿಂತದ್ದು ನಿಂತೇಹೋಯಿತು. ಮುಂದಿನ ವರ್ಷ ನೋಡೋಣವೆಂದರು. ಮುಂದೆ ಕೂಸು ಬಂತು. ನನ್ನ ತಂಗಿ ಮನೆ ನಡೆಸಿದಳು, ಅತ್ತೆಯನ್ನು ನೋಡಿಕೊಂಡಳು, ಎಲ್ಲರಿಂದಲೂ ಒಳ್ಳೆಯವಳೆನಿಸಿಕೊಂಡಳು. ಅವಳ ಬದುಕು ಕೆಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ, ಅವಳೇ ಒಪ್ಪಲಾರಳು.

2024ರಲ್ಲಿ ಅವಳ ಮಗಳು ಓದಲಿಕ್ಕೆಂದು ಧಾರವಾಡಕ್ಕೆ ಹೊರಟಳು. ಟ್ರಂಕು ಹೊರಲು ನಾನು ಹೋಗಿದ್ದೆ. ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುವ ಹೊತ್ತಿಗೆ ಹುಡುಗಿ ತಾಯಿಯ ಕೈಹಿಡಿದು ಅಳತೊಡಗಿದಳು. ನನಗೆ ರೂಢಿ ನೋಡಿ, ನಾಲಗೆಯ ತುದಿಗೆ ಹಾಡು ಬಂತು. ಮೊದಲ ಮಾತು ಗುನುಗಿದೆನೋ ಇಲ್ಲವೋ, ತಂಗಿ ನನ್ನ ಕಡೆ ತಿರುಗಿದಳು.

“ಅಣ್ಣಾ, ಆ ಹಾಡು ಬ್ಯಾಡ,” ಎಂದಳು. ಆಮೇಲೆ ಸಿಟ್ಟಿಲ್ಲದೆ, ಹಳೆಯ ಲೆಕ್ಕವೊಂದನ್ನು ಒಪ್ಪಿಸುವವಳ ಹಾಗೆ ಹೇಳಿದಳು: “ಅವತ್ತ ನೀವೆಲ್ಲಾರೂ ಅಳಬ್ಯಾಡಂತ ಹೇಳಿದ್ರಿ. ಯಾಕ ಅಳಾಕತ್ತೀ ಅಂತ ಒಬ್ಬರರೆ ಕೇಳಿದ್ರೇನು? ನನ್ನ ಹಾಲ್‌ಟಿಕೆಟ್ಟು ಟ್ರಂಕಿನ್ಯಾಗಿತ್ತು. ಮುಂದಿನ ಸೋಮವಾರ ಗಣಿತದ ಪೇಪರಿತ್ತು.”

ಇಪ್ಪತ್ತೆರಡು ವರ್ಷ ನನಗದು ಗೊತ್ತಿರಲಿಲ್ಲ. ತವರು ಬಿಡುವ ದುಃಖವೆಂದು ಇಡೀ ಮಂಟಪ ತಿಳಿದು ಅತ್ತ ಹೊತ್ತಿನಲ್ಲಿ, ಅವಳೊಬ್ಬಳು ಬೇರೆಯದೇ ಒಂದು ಕಾರಣಕ್ಕೆ ಅಳುತ್ತಿದ್ದಳು. ನನ್ನ ಹಾಡು ಅವಳ ಅಳುವಿನ ಮೇಲೆ ರೇಶ್ಮೆಯ ಸೆರಗನ್ನು ಹೊದಿಸಿ ಮುಚ್ಚಿತ್ತು.

ಜನಪ್ರಿಯತೆಯ ಅಪಾಯವೆಲ್ಲಿದೆಯೆಂದು ನನಗೆ ಅಂದು ಹೊಳೆಯಿತು. ಜನ ಹಾಡಿನ ಗೂಢಾರ್ಥವನ್ನು ಬಿಟ್ಟುಬಿಡುವುದು ಅಂಥ ದೊಡ್ಡ ಅಪಾಯವಲ್ಲ. ಒಂದು ಹಾಡು ಎಲ್ಲರ ಬಾಯಿಗೂ ಒಗ್ಗಿದ ಮೇಲೆ ಅದು ನಮ್ಮ ಪರವಾಗಿ ಅಳುತ್ತದೆ, ನಮ್ಮ ಪರವಾಗಿ ಸಮಾಧಾನ ಹೇಳುತ್ತದೆ. ನಾವು ಆಡಬೇಕಾಗಿದ್ದ ಮಾತು ಉಳಿದುಹೋಗುತ್ತದೆ. ಹಾಡು ಕೇಳಿ ಅತ್ತವನಿಗೆ ತನ್ನ ಪಾಲಿನ ಕರ್ತವ್ಯ ಮುಗಿಯಿತೆಂಬ ಹಗುರವಾಗುತ್ತದೆ. ಆ ಹಗುರವೇ ಅಪಾಯ. ಇದು ಹೊಸದೇನಲ್ಲ. ಶಕುಂತಲೆಯನ್ನು ಕಳಿಸುವ ಕಣ್ವರ ದುಃಖವನ್ನು ಕಾಳಿದಾಸ ವರ್ಣಿಸಿದ ಅಂಕವನ್ನು ಪಂಡಿತರೆಲ್ಲ ಕೊಂಡಾಡುತ್ತ ಬಂದಿದ್ದಾರೆ. ಶರೀಫರ ಕಾಲದಲ್ಲಿಯೇ ನಮ್ಮ ಕಡೆಯ ಚುರಮುರಿ ಶೇಷಗಿರಿರಾಯರು ಆ ನಾಟಕವನ್ನು ಕನ್ನಡಕ್ಕೆ ತಂದರು. ಅಲ್ಲಿ ಮರಗಿಡಗಳೂ ಕಂಬನಿ ಸುರಿಸುತ್ತವೆ. ಆದರೆ ಅಷ್ಟು ಕಣ್ಣೀರು ಸುರಿಸಿದ ಆಶ್ರಮ ರಾಜಸಭೆಯಲ್ಲಿ ಅವಳ ಕೈಹಿಡಿದು ಹಿಂದಕ್ಕೆ ಕರೆತರಲಿಲ್ಲ. ಗಂಡನು ಒಲ್ಲೆನೆಂದ ಮೇಲೆ, ಜೊತೆಯಲ್ಲಿ ಬಂದಿದ್ದ ಋಷಿಕುಮಾರರು ಅವಳನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು.

ಹಾಗೆಂದು ಹಾಡನ್ನೇ ದೂರುವುದು ಸಲ್ಲ. ಅಂದು ಊರಿಗೆ ಹಿಂದಿರುಗುವಾಗ ಬಸ್ಸಿನ ಕಿಟಕಿಯಲ್ಲಿ ನರಗುಂದದ ಗುಡ್ಡ ಮರೆಯಾಗುವವರೆಗೂ ಆ ಪದವನ್ನು ಮನಸ್ಸಿನಲ್ಲಿಯೇ ಸಾಲು ಸಾಲಾಗಿ ತೆಗೆದು ನೋಡಿದೆ. ಎಷ್ಟು ಸಲ ಹಾಡಿದ್ದೆ, ಎಷ್ಟು ಸಲ ಪಾಠ ಹೇಳಿದ್ದೆ! ಆದರೂ ಒಂದು ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲ. ಆ ಹಾಡು ಅಳುವವಳನ್ನು ಗದರಿಸುವುದಿಲ್ಲ. ಅವಳ ಅಳು ತಪ್ಪೆಂದು ಎಲ್ಲಿಯೂ ಹೇಳುವುದಿಲ್ಲ. ಹಾಡು ಕೈ ತೋರಿಸುವುದು ಸುತ್ತ ನಿಂತವರ ಕಡೆಗೆ. ಕಳಿಸಲು ಇಷ್ಟು ಮಂದಿ ಬಂದಿದ್ದಾರಲ್ಲ, ಇವರಲ್ಲಿ ನಿನ್ನನ್ನು ಇರಿಸಿಕೊಳ್ಳುವ ಗಂಡೆದೆಯವರು ಒಬ್ಬರೂ ಇಲ್ಲವಲ್ಲ ಎಂಬ ವ್ಯಂಗ್ಯ ಅದರ ಒಡಲಲ್ಲಿದೆ. ಉಡಿ ತುಂಬಿದ ಕೈಗಳೇ ಮುಂದಕ್ಕೆ ನೂಕುವ ಕೈಗಳೂ ಹೌದೆಂಬುದನ್ನು ಶರೀಫರು ಕಂಡಿದ್ದರು. ಇಂಥವರ ಮುಂದೆ ಅತ್ತು ಪ್ರಯೋಜನವಿಲ್ಲ ತಾಯೀ, ಎಂಬ ಧ್ವನಿಯಲ್ಲಿ ಆ ‘ಅಳಬೇಡ’ ಬರುತ್ತದೆ. ಧ್ವನಿವರ್ಧಕ ಹಿಡಿದು ನಿಂತ ನಾನು ಕಳಿಸುವವರ ಪೈಕಿ ಒಬ್ಬನಾಗಿದ್ದೆ. ನನ್ನನ್ನೇ ಕುರಿತ ಆಪಾದನೆಯನ್ನು ರಾಗವಾಗಿ ಹಾಡಿ ಚಪ್ಪಾಳೆ ಪಡೆದಿದ್ದೆ.

ಸಾವಿನ ಪದವೆಂದು ಓದಿದರೂ ಇದೇ ನಿಜ. ಹೆಣದ ಮುಂದೆ ನೆರೆದವರಲ್ಲಿ ಹೋದವನನ್ನು ಉಳಿಸಿಕೊಂಡವರು ಯಾರಿದ್ದಾರೆ? ಅಲ್ಲಿ ನಮಗೆ ಕೈಲಾಗದು. ಆದ್ದರಿಂದ ಹಾಡು ವೈರಾಗ್ಯವನ್ನು ಕಲಿಸುತ್ತದೆ. ಮದುವೆಯ ಮಂಟಪದಲ್ಲಿ ಹಾಗಲ್ಲ, ನಮ್ಮ ಕೈಯಲ್ಲಾಗುವುದು ಬೇಕಾದಷ್ಟಿರುತ್ತದೆ. ಸಾವಿನ ಎದುರು ಸಲ್ಲುವ ವೈರಾಗ್ಯವನ್ನು ಹಾಲ್‌ಟಿಕೆಟ್ಟಿನ ಎದುರು ತಂದು ನಿಲ್ಲಿಸಿದ್ದು ನಮ್ಮ ತಪ್ಪು. ತಪ್ಪಿಸಬಹುದಾದ ದುಃಖವನ್ನು ತಪ್ಪಿಸಲಾಗದ ದುಃಖದ ಧಾಟಿಯಲ್ಲಿ ಹಾಡಿದೆವು. ಶರೀಫರ ಮೇಲೆ ಇದರ ಹೊರೆ ಹೊರಿಸುವಂತಿಲ್ಲ. ಹಾಡು ಕಟ್ಟಿದವನ ಹೊಣೆ ಕಟ್ಟುವಲ್ಲಿಗೆ ಮುಗಿಯಿತು. ಮುಂದೆ ಅದನ್ನು ಯಾರಿಗೆ, ಯಾವ ಹೊತ್ತಿನಲ್ಲಿ ಹಾಡುತ್ತೇವೆಂಬುದರ ಹೊಣೆ ಹಾಡುವವನದು. ಎಲ್ಲರ ಸೊತ್ತಾದ ಹಾಡಿಗೆ ಎಲ್ಲರೂ ಹೊಣೆಗಾರರು. ಕೆರೆ ಊರಿನದಾದ ಮಾತ್ರಕ್ಕೆ ಅದರಲ್ಲಿ ಬೇಕಾದ್ದನ್ನು ತೊಳೆಯಬಹುದೇ?

ಆ ದಿನ ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ತಂಗಿ ತನ್ನ ಮಗಳಿಗೆ ಏನು ಹೇಳಿದಳೆಂಬುದನ್ನೂ ಬರೆದುಬಿಡುತ್ತೇನೆ. ಅಳಬೇಡವೆಂದು ಹೇಳಲಿಲ್ಲ. ಕೈಯಲ್ಲಿ ಕಡಲೆಹಿಟ್ಟಿನ ಉಂಡಿಯ ಡಬ್ಬಿ ಕೊಟ್ಟು, “ಯಾಕವ್ವಾ, ಹೋಗಾಕ ಮನಸಿಲ್ಲೇನು? ಇಲ್ಲಂದ್ರ ಹೇಳು, ತಿರುಗಿ ಹೋಗೂನು,” ಎಂದು ಕೇಳಿದಳು. ಹುಡುಗಿ ಮೂಗು ಒರೆಸಿಕೊಂಡು, “ಹೋಗತೀನಿ. ಆದ್ರೂ ಅಳು ಬರತೈತಿ,” ಎಂದಳು. “ಹಂಗಾರ ಅಳು. ಕಿಟಿಕಿ ಕಡಿ ಸೀಟು ಹಿಡಕೊಂಡು ಅಳು,” ಎಂದಳು ತಾಯಿ. ಇಬ್ಬರೂ ನಕ್ಕರು. ಬಸ್ಸು ಹೊರಟಿತು.

ಮುಖ್ಯಾಧ್ಯಾಪಕರಿಗೆ ನಾನು ಉತ್ತರ ಕೊಡಬೇಕಾಗಿದೆ. ಮುಂದಿನ ಮದುವೆಯಲ್ಲಿ ಅವರು ಸಿಕ್ಕೇ ಸಿಗುತ್ತಾರೆ; ಹಾಡೂ ಕೇಳಿಯೇ ಬರುತ್ತದೆ. ಆಗ ಅವರಿಗೆ ಹೇಳುವೆನು: ಅದು ಮದುವೆಯ ಹಾಡೂ ಹೌದು, ಹೆಣದ ಮುಂದಿನ ಹಾಡೂ ಹೌದು, ಹಾಕಿದ ಹುಡುಗನದು ತಪ್ಪಿಲ್ಲ. ಆದರೆ ಹಾಡು ಮುಗಿಯುವುದರೊಳಗೆ ನಮ್ಮಲ್ಲಿ ಯಾರಾದರೊಬ್ಬರು ಆ ಹುಡುಗಿಯ ಹತ್ತಿರ ಹೋಗಿ, ಯಾಕವ್ವಾ ಅಳಾಕತ್ತೀ ಎಂದು ಕೇಳಿಬರೋಣ. ಉತ್ತರ ತವರಿನ ನೆನಪೇ ಆಗಿದ್ದರೆ ಹಾಡು ಅದನ್ನು ನೋಡಿಕೊಳ್ಳುತ್ತದೆ. ಬೇರೆ ಏನಾದರೂ ಆಗಿದ್ದರೆ, ಬಸ್ಸು ಇನ್ನೂ ಹೊರಟಿರುವುದಿಲ್ಲ.